ಗುರುವಾರದ ಜೂನಿಯಸ್

ಹೋಸಿಯಾ ಟಾರ್ವರ್‌ನ ಕೋಪ ಕಾಲ್ಡರ್ ಬೆಂಡ್ ಊರಿಗೆಲ್ಲ ಗೊತ್ತಿದ್ದದ್ದೇ. ಪ್ಲೈವುಡ್ ಮಿಲ್ಲಿನಲ್ಲಿ ಮೇಸ್ತ್ರಿಯ ಮುಖಕ್ಕೆ ಮುಖ ಕೊಟ್ಟು ಜಗಳಾಡಿದವನು ಅವನು. ಚರ್ಚಿನಲ್ಲಿ ಪಾದ್ರಿಯ ಪ್ರಸಂಗ ಉದ್ದವಾದರೆ ಕೈಗಡಿಯಾರ ಬಿಚ್ಚಿ ಪಾದ್ರಿಗೆ ಕಾಣುವ ಹಾಗೆ ಮುಂದಿನ ಬೆಂಚಿನ ಮೇಲಿಡುವವನೂ ಅವನೇ. ಆದರೆ ಶುಕ್ರವಾರ ಸಂಜೆ ಹೈಸ್ಕೂಲಿನ ಮೈದಾನದಲ್ಲಿ ಅಳತೆಯ ಕೋಲು ಹಿಡಿದು ನಿಂತನೆಂದರೆ ಹಸುವಿನಂಥ ಮನುಷ್ಯ. ಅಲ್ಲಿನ ಕಟ್ಟಳೆಯೇ ಹಾಗೆ. ಸರಪಳಿ ಹಿಡಿದವನು ಯಾರಿಗೂ ಚಪ್ಪಾಳೆ ತಟ್ಟುವಂತಿಲ್ಲ, ಯಾರನ್ನೂ ಬೈಯುವಂತಿಲ್ಲ.

ಪೂರ್ವ ಟೆಕ್ಸಸ್ಸಿನ ಆ ಕಡೆ ಫುಟ್‌ಬಾಲ್ ಅಂದರೆ ಕಾಲಿನಾಟವಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗಬೇಕು. ನಾಲ್ಕು ಸಲದ ನುಗ್ಗಾಟದಲ್ಲಿ ಹತ್ತು ಗಜ ಮುಂದಕ್ಕೆ ಹೋದರೆ ಚೆಂಡು ನಿಮ್ಮದು, ಇಲ್ಲವಾದರೆ ಅವರದು. ಆ ಹತ್ತು ಗಜವನ್ನು ಅಳೆಯುವುದು ಎರಡು ಕೋಲುಗಳ ನಡುವಿನ ಒಂದು ಸರಪಳಿ. ಒಂದು ಕೋಲು ಹೋಸಿಯಾನದು. ಇನ್ನೊಂದು ವೆಂಡೆಲ್ ಸ್ಟ್ರೌಡ್‌ನದು. ವೆಂಡೆಲ್ ಬಿಳಿಯ, ದನದ ಮೇವಿನ ಅಂಗಡಿಯವನು, ಹೊಟ್ಟೆ ಮುಂದೆ ಬಂದವನು. ಹೋಸಿಯಾ ಕರಿಯ, ಎಲುಬು ಕಾಣುವ ಮೈಯವನು. ಇಬ್ಬರೂ ಇಪ್ಪತ್ತು ವರ್ಷಕ್ಕೂ ಮೇಲಾಗಿ ಒಂದೇ ಸರಪಳಿಯ ಎರಡು ತುದಿ ಹಿಡಿದು ಮೈದಾನದ ಅಂಚಿನಲ್ಲಿ ಓಡಾಡಿದವರು.

ಆಟದ ನಡುವೆ ಬಿಡುವು ಸಿಕ್ಕಿದಾಗಲೆಲ್ಲ ಇಬ್ಬರದೂ ಒಂದೇ ಪಿಸುಮಾತಿನ ಜಗಳ. ಈ ಊರು ಕಂಡ ಓಟಗಾರರಲ್ಲಿ ಯಾರು ದೊಡ್ಡವನು?

"ಡಿಲರ್ಡ್ ಕೇಸ್ ಕಣಯ್ಯ," ಎನ್ನುತ್ತಿದ್ದ ಹೋಸಿಯಾ, ಕೆಣಕುವುದಕ್ಕೆಂದೇ. "ಅವನನ್ನ ಬೀಳಿಸೋಕೆ ಮೂರು ಜನ ಬೇಕಿತ್ತು. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸೋಕೆ ನಾಲ್ಕು ಜನ."

"ಡಿಲರ್ಡ್‌ಗೆ ಬರ್ತಿದ್ದುದು ಒಂದೇ ದಾರಿ, ನೆಟ್ಟಗೆ. ಗೋಡೆ ಇದ್ರೂ ನೆಟ್ಟಗೆ. ರ‍್ಯಾಂಡಿ ಹಡ್ಸ್‌ಪೆತ್ ನೋಡಿರಲಿಲ್ವಾ? ಬಚ್ಚಲುಮನೆ ಸೋಪು. ಹಿಡಿದೆ ಅನ್ನೋಷ್ಟರಲ್ಲಿ ಕೈಯಲ್ಲಿಲ್ಲ."

"ರ‍್ಯಾಂಡಿಗೆ ಒಂದು ಏಟು ಬಿದ್ರೆ ಸಾಕು, ಅವರಮ್ಮನ ಕಡೆ ನೋಡೋನು."

ಹೀಗೆ ಒಬ್ಬೊಬ್ಬರನ್ನೇ ಎತ್ತಿ ಇಳಿಸಿ, ಕೊನೆಗೆ ವೆಂಡೆಲ್ ದನಿ ತಗ್ಗಿಸಿ ಹೇಳುತ್ತಿದ್ದ: "ಏನೇ ಹೇಳು ಹೋಸಿಯಾ, ನಿಮ್ಮ ಜೂನಿಯಸ್‌ನಂಥವನು ಮತ್ತೆ ಹುಟ್ಟಲಿಲ್ಲ. ಈ ಬೇಲಿಗೆ ಬಾವಲಿ ಥರ ನೇತುಬಿದ್ದು ನೋಡಿದೀನಿ. ಓಡ್ತಾ ಓಡ್ತಾ ಸಟ್ಟನೆ ನಿಂತುಬಿಡೋನು, ಯಾರದೋ ಯೋಗಕ್ಷೇಮ ವಿಚಾರಿಸೋ ಹಾಗೆ. ಎದುರಿನವರು ಮುಗ್ಗರಿಸಿ ಮುಂದೆ ಹೋಗಿಬಿಡೋರು. ಆಮೇಲೆ ಇವನು ಹೊರಡೋನು."

ಹೋಸಿಯಾ ಆಗ ಕೋಲಿಗೆ ಅಂಟಿದ ಮಣ್ಣು ಕೆರೆಯುತ್ತಿದ್ದ. ಅವನು ಜೂನಿಯಸ್ ವೇಡ್ ಓಡಿದ್ದನ್ನು ಒಂದು ದಿನವೂ ನೋಡಿದವನಲ್ಲ.

ನಗಬೇಡಿ. ಹುಡುಗರಾಗಿದ್ದಾಗ, ಕರಿಯರ ಬೆಥೆಲ್ ಹಿಲ್ ಶಾಲೆಯ ತಂಡದಲ್ಲಿ ಹೋಸಿಯಾ ಜೂನಿಯಸ್‌ನ ಮುಂದೆ ಓಡಿ ದಾರಿ ಬಿಡಿಸುವವನು. ತಲೆ ತಗ್ಗಿಸಿ ಎದುರು ಬಂದವನ ಎದೆಗೆ ಹೆಗಲು ಕೊಟ್ಟು ಕೆಡವುವುದು ಅವನ ಕೆಲಸ. ಹಿಂದೆ ಜೂನಿಯಸ್‌ನ ಅಂಗೈ ಅವನ ಬೆನ್ನಿನ ಮೇಲಿರುತ್ತಿತ್ತು. "ಹೋಗು ಹೋಸೀ, ಹೋಗು ಹೋಸೀ" ಎನ್ನುವ ಮಾತು ಕಿವಿಯಲ್ಲಿರುತ್ತಿತ್ತು. ಅಂಗೈ ಬೆನ್ನು ಬಿಟ್ಟಿತು ಅಂದರೆ ಜೂನಿಯಸ್ ಹಾರಿದ ಎಂದು ಅರ್ಥ. ಆಮೇಲಿನದೆಲ್ಲ ಹೋಸಿಯಾ ಕಂಡದ್ದು ಬಾಯಿಗೆ ಹೊಕ್ಕ ಮಣ್ಣು, ಕೇಳಿದ್ದು ಹೆಂಗಸರ ಕೂಗು.

ಹೆಂಗಸರು, ಏಕೆಂದರೆ ಆಟ ಗುರುವಾರ. ಶುಕ್ರವಾರ ಬಿಳಿಯರ ಶಾಲೆಯದು. ಅದೇ ಮೈದಾನ, ಅದೇ ದೀಪ. ಗುರುವಾರ ಸಂಜೆ ಮಾತ್ರ ಕರಿಯರ ಶಾಲೆಗೆ ಬಿಟ್ಟುಕೊಡುತ್ತಿದ್ದರು, ಅದೂ ಹುಲ್ಲು ಹಾಳುಮಾಡಬೇಡಿ ಎಂದು ಗದರಿಸಿ. ಅವರು ಯಾಕೆ ಗುರುವಾರವನ್ನೇ ಕೊಟ್ಟರೋ, ಬಿಳಿಯರ ಮನೆಗಳ ಕೆಲಸದ ಹೆಂಗಸರಿಗೆಲ್ಲ ವಾರಕ್ಕೊಂದು ಬಿಡುವಿನ ಸಂಜೆಯೂ ಅದೇ ಗುರುವಾರವಾಗಿತ್ತು. ಹಾಗಾಗಿ ಆ ಹೆಂಗಸರು ಏಪ್ರನ್ ಬಿಚ್ಚಿಟ್ಟು, ಟೋಪಿ ಹಾಕಿಕೊಂಡು ಮೈದಾನಕ್ಕೆ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಮಿಸ್ ಐಡೆಲ್ಲಾ, ಜೂನಿಯಸ್‌ನ ತಾಯಿ. ಆಕೆ ದುಡಿಯುತ್ತಿದ್ದುದು ರೆನ್‌ಫ್ರೋ ಅವರ ಮನೆಯಲ್ಲಿ. ಆ ಮನೆಯ ಮಗ ಡಾಯ್ಲ್‌ನ ಬಾಯಿಗೆ ತುತ್ತಿಟ್ಟು ಬೆಳೆಸಿದವಳು ಆಕೆಯೇ.

ಆಮೇಲೆ ಎರಡೂ ಶಾಲೆ ಒಂದಾದವು ಅನ್ನುತ್ತಾರೆ. ಸುಳ್ಳು. ಒಂದನ್ನು ಮುಚ್ಚಿದರು. ಬೆಥೆಲ್ ಹಿಲ್ ಗೆದ್ದ ಟ್ರೋಫಿಗಳನ್ನು ಕಸದ ಲಾರಿಗೆ ಎತ್ತಿಹಾಕಿದ್ದನ್ನು ಹೋಸಿಯಾ ಕಣ್ಣಾರೆ ಕಂಡ. ಆ ದಿನ ಅವನ ಹೊಟ್ಟೆಯಲ್ಲಿ ಹೊತ್ತಿದ್ದು ಮತ್ತೆ ಆರಲಿಲ್ಲ. ಜೂನಿಯಸ್ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದು, ಲಾರಿ ಮಗುಚಿ ಇನ್ನೂ ಹರೆಯದಲ್ಲೇ ಹೋಗಿಬಿಟ್ಟ. ಹೋಸಿಯಾ ಮದುವೆಯಾದ, ಮಕ್ಕಳಾದವು, ಮಗ ಹೊಸ ಶಾಲೆಯಲ್ಲಿ ಆಡಿದ, ಅಪ್ಪ ಸರಪಳಿ ಹಿಡಿದ. ಬದುಕು ನಡೆಯಿತು.

ಒಂದು ವರ್ಷ ಮೈದಾನದ ಗೋಡೆಗೆ ಊರು ಕಂಡ ಐವರು ಓಟಗಾರರ ಚಿತ್ರ ಬರೆಸುವುದೆಂದು ತೀರ್ಮಾನವಾಯಿತು. ಆರಿಸುವ ಮಂಡಳಿಗೆ ಡಾಯ್ಲ್ ರೆನ್‌ಫ್ರೋ ಯಜಮಾನ. ಆಟದ ದಿನ ಮೈಕಿನಲ್ಲಿ ಕೂಗುವವನೂ ಅವನೇ. ವೆಂಡೆಲ್ ಮಂಡಳಿಯಲ್ಲೊಬ್ಬ.

"ನಿಮ್ಮವನು ಇದ್ದೇ ಇರ್ತಾನೆ ಬಿಡು," ಎಂದ ವೆಂಡೆಲ್, ಮೀಟಿಂಗಿಗೆ ಹೋಗುವ ಮುಂಚೆ. "ಅವನ ಹೆಸರಿಲ್ದೆ ಯಾರ ಹೆಸರು ಬರೆಸ್ತಾರೆ?"

ಹೋಸಿಯಾ ಆ ಮಾತನ್ನು ನಂಬಿದ. ಜನ್ಮದಲ್ಲಿ ಯಾರನ್ನೂ ಸುಲಭಕ್ಕೆ ನಂಬದವನು ಇದೊಂದನ್ನು ನಂಬಿ, ನೆಟ್ಟಗೆ ಮಿಸ್ ಐಡೆಲ್ಲಾಳ ಮನೆಗೆ ಹೋಗಿ ಹೇಳಿಬಿಟ್ಟ. ತೊಂಬತ್ತರ ಅಂಚಿನ ಮುದುಕಿ, ಮಂಡಿ ಹಿಡಿದುಕೊಂಡಿತ್ತು.

"ಆ ಮೈದಾನದಲ್ಲಿ ನನ್ನ ಮಗನ ಹೆಸರು ಕೂಗ್ತಾರಾ?"

"ಕೂಗ್ತಾರೆ ಅಮ್ಮಾ."

"ಹಾಗಾದ್ರೆ ನನ್ನ ನೇರಳೆ ಟೋಪಿ ಎಲ್ಲಿದೆಯೋ ಹುಡುಕಬೇಕು," ಎಂದಳು.

ಶುಕ್ರವಾರ ಬಂತು. ಆಟದ ಅರ್ಧ ಮುಗಿದು ವಿರಾಮದಲ್ಲಿ ಡಾಯ್ಲ್ ಹೆಸರು ಓದತೊಡಗಿದ. ಡಿಲರ್ಡ್ ಕೇಸ್. ಜನ ಎದ್ದು ನಿಂತರು. ರ‍್ಯಾಂಡಿ ಹಡ್ಸ್‌ಪೆತ್. ಎದ್ದು ನಿಂತರು. ಮೂರನೆಯವನು, ನಾಲ್ಕನೆಯವನು. ಐದನೆಯ ಹೆಸರಿಗೆ ಮುಂಚೆ ಡಾಯ್ಲ್ ಗತ್ತಿನಿಂದ ಉಸಿರೆಳೆದುಕೊಂಡಾಗ ಹೋಸಿಯಾ ಜನ ಕೂರುವ ಮೆಟ್ಟಿಲುಗಳ ಕಡೆ ನೋಡಿದ. ನೇರಳೆ ಟೋಪಿ ಮೇಲೇಳುತ್ತಿತ್ತು. ಅಕ್ಕಪಕ್ಕದ ಹೆಂಗಸರು ತೋಳು ಕೊಟ್ಟಿದ್ದರು. ಮುದುಕಿ ಮಂಡಿ ನೆಟ್ಟಗೆ ಮಾಡಿ ಪೂರ್ತಿ ನಿಂತುಬಿಟ್ಟಿದ್ದಳು.

ಡಾಯ್ಲ್ ಬೇರೆ ಯಾರದೋ ಹೆಸರು ಕೂಗಿದ.

ಟೋಪಿ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

"ಜೂನಿಯಸ್ ಎಲ್ಲೋ?" ಎಂದ ಹೋಸಿಯಾ, ವೆಂಡೆಲ್‌ನ ಎದುರು ಬಂದು ನಿಂತು.

ವೆಂಡೆಲ್ ತನ್ನ ಬೂಟಿನ ದಾರ ನೋಡುತ್ತಿದ್ದ. "ಗೋಡೆ ಮೇಲೆ 'ಶುಕ್ರವಾರದ ವೀರರು' ಅಂತ ಮೊದಲೇ ಬರೆಸಿಬಿಟ್ಟಿದ್ರು ಕಣಯ್ಯ. ಅವನು ಶುಕ್ರವಾರ ಒಂದು ಆಟಾನೂ ಆಡಿಲ್ವಲ್ಲ ಅಂದ ಡಾಯ್ಲ್."

"ಆಡೋಕೆ ಬಿಟ್ಟಿದ್ರೇನೋ? ನೀನೇನಂದೆ?"

ವೆಂಡೆಲ್ ದಾರ ಬಿಗಿಯಲು ಬಗ್ಗಿದ.

"ಬೇಲಿಗೆ ಬಾವಲಿ ಥರ ನೇತುಬಿದ್ದಿದ್ದೆ ಅಂತ ಇಪ್ಪತ್ತು ವರ್ಷದಿಂದ ನನ್ನ ಕಿವಿ ಕಚ್ಚಿದೆಯಲ್ಲ! ಅಲ್ಲಿ ಹೋಗಿ ನಾಲಿಗೆ ಎಲ್ಲಿಟ್ಟಿದ್ದೆ? ಮೇವಿನ ಮೂಟೆ ಕೆಳಗಾ?"

"ಹೇಳೋಣ ಅಂತಲೇ ಇದ್ದೆ. ಎಲ್ಲರೂ ಹೂಂ ಅಂದುಬಿಟ್ರು. ಆಮೇಲೆ ನಿನಗೆ ಹೇಗೆ ಹೇಳೋದು ಅಂತ..."

"ಆ ಮುದುಕಿ ಎದ್ದು ನಿಂತಿದ್ದಳಲ್ಲೋ, ನೋಡಿದ್ಯಾ?"

"ನೋಡ್ದೆ," ಎಂದ ವೆಂಡೆಲ್. ಅವನ ಮುಖ ಕೆಂಪಗಾಗಿತ್ತು.

ಆಟ ಮತ್ತೆ ಶುರುವಾಯಿತು. ಹೋಸಿಯಾ ಹಲ್ಲು ಕಚ್ಚಿಕೊಂಡು ಕೋಲು ಹಿಡಿದು ನಡೆದ. ಊರಿನ ತಂಡ ನಾಲ್ಕನೆಯ ಸಲ ನುಗ್ಗಿ, ಒಂದು ರಾಶಿ ಹುಡುಗರ ಕೆಳಗೆ ಚೆಂಡು ನಿಂತಿತು. ಹತ್ತು ಗಜ ಆಯಿತೋ ಇಲ್ಲವೋ ಕಣ್ಣಂದಾಜಿಗೆ ಗೊತ್ತಾಗುವಂತಿರಲಿಲ್ಲ. ಪರವೂರಿನಿಂದ ಬಂದಿದ್ದ ಎಳೆಯ ರೆಫರಿ ಸರಪಳಿ ತರುವಂತೆ ಕೈ ಬೀಸಿದ.

ಇಬ್ಬರೂ ಮೈದಾನದ ನಟ್ಟನಡುವಿಗೆ ನಡೆದರು. ಅಳತೆಯ ಹೊತ್ತಿನಲ್ಲಿ ಇಡೀ ಊರು ಉಸಿರು ಬಿಗಿಹಿಡಿದು ಕೂರುತ್ತದೆ. ವೆಂಡೆಲ್ ತನ್ನ ಕೋಲನ್ನು ಗುರುತಿನ ಮೇಲೆ ಊರಿದ. ಹೋಸಿಯಾ ಸರಪಳಿ ಎಳೆಯಬೇಕು. ಅವನು ಕೋಲನ್ನು ತನ್ನ ಕಾಲ ಬುಡದಲ್ಲೇ ನೆಟ್ಟು ಅದರ ಮೇಲೆ ಎರಡೂ ಕೈ ಇಟ್ಟುಕೊಂಡ.

"ಎಳೀರಿ," ಎಂದ ರೆಫರಿ.

"ಎಳೆಯಲ್ಲ."

"ಏನ್ರೀ?"

"ಒಂದು ಹೆಸರು ಬಾಕಿ ಇದೆ. ಜೂನಿಯಸ್ ವೇಡ್. ಅದನ್ನ ಹೇಳ್ಲಿ, ಎಳೀತೀನಿ."

"ಯಾವ ತಂಡದವನು? ನಂಬರೆಷ್ಟು?"

"ಸತ್ತಿದಾನೆ."

ಆ ಹುಡುಗ ಪಾಪ, ಬಾಯಲ್ಲಿದ್ದ ಸೀಟಿ ತೆಗೆದು ಸುತ್ತ ನೋಡಿದ. ಅಷ್ಟರಲ್ಲಿ ಮೈಕು ಮಾತಾಡಿತು. "ಹೋಸಿಯಾ, ಏನಪ್ಪಾ, ಸರಪಳಿ ಸಿಕ್ಕಾಕೊಂಡಿದ್ಯಾ?"

"ನಿನ್ನ ಗಂಟಲಲ್ಲಿ ಸಿಕ್ಕಾಕೊಂಡಿದೆ!" ಹೋಸಿಯಾ ಕೂಗಿದ. ಮಿಲ್ಲಿನ ಯಂತ್ರಗಳ ನಡುವೆ ಕೂಗಿ ಪಳಗಿದ ಗಂಟಲು, ಮೇಲಿನ ಸಾಲಿಗೂ ಕೇಳಿಸಿತು. "ಜೂನಿಯಸ್ ಹೆಸರು ಹೇಳು ಡಾಯ್ಲ್!"

ಜನ ಗೊಣಗತೊಡಗಿದರು. ಯಾರೋ ಅವನನ್ನು ಕುಡುಕ ಮುದುಕ ಎಂದರು. ಹೋಸಿಯಾ ಕುಡಿತ ಮುಟ್ಟಿದವನಲ್ಲ.

"ನೋಡಪ್ಪಾ," ಎಂದಿತು ಮೈಕು, ಮಗುವನ್ನು ರಮಿಸುವ ಹಾಗೆ. "ಅವನು ನಿನ್ನ ಗೆಳೆಯ. ನಿನಗೆ ಅಭಿಮಾನ ಇರತ್ತೆ. ಆದರೆ ನಿಜ ಹೇಳು, ಅವನು ಓಡಿದ್ದನ್ನ ನೀನು ನೋಡಿದ್ಯಾ? ನೀನು ಮುಂದಿರ್ತಿದ್ದೆ ಅಲ್ವಾ?"

ಕಣ್ತುಂಬ ನೋಡಿದ್ದೇನೆ ಎಂದುಬಿಡಬಹುದಿತ್ತು. ಹೋಸಿಯಾಗೆ ಸುಳ್ಳು ಬರಲಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಬೆನ್ನಿನ ಮೇಲೆ ಅಂಗೈ ಇದ್ದ ಜಾಗ ಅವನಿಗೆ ಈಗಲೂ ಗೊತ್ತಿತ್ತು, ಅದನ್ನು ಈ ಜನಕ್ಕೆ ಹೇಗೆ ತೋರಿಸುವುದು?

ಸರಪಳಿ ಝಣ್ ಎಂದಿತು. ಆ ತುದಿಯಲ್ಲಿ ವೆಂಡೆಲ್ ತನ್ನ ಕೋಲನ್ನು ಹುಲ್ಲಿನ ಮೇಲೆ ಮಲಗಿಸಿದ್ದ.

"ನಾನು ನೋಡಿದೀನಿ!" ವೆಂಡೆಲ್ ಕೂಗಿದ. ದೊಡ್ಡ ಹೊಟ್ಟೆಯವನ ದನಿ ತೆಳ್ಳಗೆ ಹೊರಟಿತು. "ಬೇಲಿ ಆ ಕಡೆಯಿಂದ ನೋಡಿದೀನಿ. ನೀನೂ ನನ್ನ ಪಕ್ಕದಲ್ಲೇ ನೇತುಬಿದ್ದಿದ್ದೆಯಲ್ಲೋ ಡಾಯ್ಲ್! ಹೇಳೋ ಹೆಸರು!"

ಮೈಕಿನಲ್ಲಿ ಬರೀ ಗೊರಗೊರ ಸದ್ದು. ಮೆಟ್ಟಿಲುಗಳ ಮೇಲಿದ್ದವರೆಲ್ಲ ತಿರುಗಿ ಕೂಗುವವನ ಗಾಜಿನ ಕೋಣೆಯತ್ತ ನೋಡಿದರು. ಡಾಯ್ಲ್ ಕೆಮ್ಮಿದ.

"ಬೆಥೆಲ್ ಹಿಲ್ ಶಾಲೆಯ... ಜೂನಿಯಸ್ ವೇಡ್. ನಮ್ಮ ಊರಿನ ಶುಕ್ರವಾರದ..."

"ಗುರುವಾರ!"

ಅದು ನೇರಳೆ ಟೋಪಿಯ ಸುತ್ತ ಕೂತಿದ್ದ ಹೆಂಗಸರ ಕೂಗು. ಒಂದು ಕಾಲಕ್ಕೆ ಈ ಊರಿನ ಬಟ್ಟೆ ಒಗೆದು, ಅಡುಗೆ ಮಾಡಿ, ಮಕ್ಕಳನ್ನು ತೊಳೆದ ಹೆಂಗಸರು. ಸಿಕ್ಕ ಒಂದೇ ಬಿಡುವಿನ ಸಂಜೆಯ ಹೆಸರನ್ನು ಅವರು ಯಾರಿಗೂ ಬಿಟ್ಟುಕೊಡುವವರಲ್ಲ. "ಗುರುವಾರ ಅನ್ನು!"

"ಗುರುವಾರದ," ಎಂದ ಡಾಯ್ಲ್. ದನಿ ಬೈಸಿಕೊಂಡ ಹುಡುಗನದಾಗಿತ್ತು. "ಗುರುವಾರದ ಜೂನಿಯಸ್ ವೇಡ್."

ಜನ ಎದ್ದರು. ಕೆಲವರು ಬೇಗ, ಕೆಲವರು ಪಕ್ಕದವರನ್ನು ನೋಡಿಕೊಂಡು, ಕೆಲವರು ಏಳದಿದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು. ಅಂತೂ ಎದ್ದರು. ನೇರಳೆ ಟೋಪಿ ಮಾತ್ರ ನಿಂತವರ ನಡುವೆ ಎಲ್ಲೂ ಕಾಣಲಿಲ್ಲ. ಹೋಸಿಯಾ ಕತ್ತು ಉದ್ದ ಮಾಡಿ ಹುಡುಕಿದ. ಮುದುಕಿ ಮನೆಗೆ ಹೊರಟುಹೋದಳೋ ಏನೋ.

ವೆಂಡೆಲ್ ಕೋಲೆತ್ತಿ ಗುರುತಿನ ಮೇಲೆ ಊರಿದ. ಹೋಸಿಯಾ ಸರಪಳಿಯನ್ನು ಬಿಗಿಯಾಗಿ ಎಳೆದ. ಊರಿನ ತಂಡಕ್ಕೆ ಒಂದು ಅಂಗೈಯಷ್ಟು ಕಡಿಮೆ ಬಿತ್ತು. ಚೆಂಡು ಎದುರಾಳಿಗಳ ಪಾಲಾಯಿತು, ಈಗತಾನೆ ಎದ್ದು ನಿಂತಿದ್ದವರೇ ಹೋಸಿಯಾಗೆ ಬಾಯಿಗೆ ಬಂದಂತೆ ಬೈದರು. ಆಟ ಮುಗಿದ ಮೇಲೆ ಶಾಲೆಯವನೊಬ್ಬ ಬಂದು, ಮುಂದಿನ ವಾರದಿಂದ ನೀವು ಬರುವುದು ಬೇಡ ಎಂದ. ಹೋಸಿಯಾ ಕೋಲನ್ನು ಅವನ ಕೈಗೆ ತುರುಕಿದ. ಪಕ್ಕದಲ್ಲಿದ್ದ ವೆಂಡೆಲ್ ತನ್ನದನ್ನೂ ಅವನ ಇನ್ನೊಂದು ಕೈಗೆ ಕೊಟ್ಟ. ಹೋಸಿಯಾ ಅವನಿಗೆ ಒಂದು ಮಾತೂ ಆಡದೆ ಮೆಟ್ಟಿಲುಗಳ ಕಡೆ ಹೊರಟ. ಅಷ್ಟು ಬೇಗ ಇಳಿಯುವ ಸಿಟ್ಟಲ್ಲ ಅದು.

ಮಿಸ್ ಐಡೆಲ್ಲಾ ಕೂತಲ್ಲೇ ಇದ್ದಳು, ಕೈಚೀಲ ಮಡಿಲಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು.

"ಕೇಳಿಸ್ತಾ ಅಮ್ಮಾ? ಹೆಸರು ಕೂಗಿದ್ರು."

"ನನಗೆ ಮಂಡಿ ಹಿಡಿದಿರೋದು. ಕಿವಿ ಚೆನ್ನಾಗೇ ಇದೆ."

"ಮತ್ತೆ ನೀವ್ಯಾಕೆ ಏಳಲಿಲ್ಲ? ನಾನು ಹೆದರಿಬಿಟ್ಟೆ."

ಮುದುಕಿ ಟೋಪಿ ಸರಿಮಾಡಿಕೊಂಡು, ಖಾಲಿಯಾಗುತ್ತಿದ್ದ ಗಾಜಿನ ಕೋಣೆಯನ್ನು ದಿಟ್ಟಿಸಿದಳು.

"ನಾನು ಒಂದು ಸಲ ಎದ್ದಿದ್ದೆ ಕಣೋ," ಎಂದಳು. "ಅದು ಸಾಲದೇನು? ಎರಡನೇ ಸಲ ಅವರು ಎದ್ರು, ನಾನು ಕೂತು ನೋಡ್ದೆ."