ಸೂಜಿ ಮೊದಲೋ, ಪೂಜೆ ಮೊದಲೋ

ಮೊದಲು ಕೈ ನಡುಗಿತು. ಆಮೇಲೆ ಬೆವರು. ಮಸ್ಕತ್ತಿನಲ್ಲಿ ಬೆವರುವುದು ರೋಗವಲ್ಲ, ಇಲ್ಲಿ ಗೋಡೆಯೂ ಬೆವರುತ್ತದೆ. ಅದಕ್ಕೆ ಸುಮ್ಮನಿದ್ದೆ. ಬಚ್ಚಲಿನ ಬಾಗಿಲ ಮುಂದೆ ಗೋಡೆಗೆ ಆತು ನಿಂತಿದ್ದೆ. ಒಳಗೆ ಯಾರೋ ಇದ್ದರು. ಈ ಮನೆಯಲ್ಲಿ ಯಾವಾಗಲೂ ಒಳಗೆ ಯಾರೋ ಇರುತ್ತಾರೆ.

ನಾನು ಆಳಂದ ತಾಲೂಕಿನ ನಿಂಬರ್ಗಾದವಳು. ಮಗಳು ಶಾಂತಾಳ ಬಾಣಂತನಕ್ಕೆ ಬಂದವಳು. ಅಳಿಯ ಇಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ. ಮನೆ ಎಂದರೆ ಎರಡು ಕೋಣೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಜೇವರ್ಗಿಯ ರಬಿಯಾ, ಅವಳ ಗಂಡ, ಮೈದುನ. ಎಲ್ಲರಿಗೂ ಒಂದೇ ಬಚ್ಚಲು. ನಮ್ಮೂರಲ್ಲಿ ದನಕ್ಕೂ ಇದಕ್ಕಿಂತ ಹೆಚ್ಚು ಜಾಗ ಇದೆ. ಬಂದ ದಿನವೇ ಹಾಗೆ ಹೇಳಿದೆ. ಅಳಿಯನ ಮುಖ ಸಣ್ಣದಾಯಿತು. ಆಗಲಿ.

ಶುಗರ್ ನನಗೆ ಹಳೆಯದು. ಊರಲ್ಲಿ ಗುಳಿಗೆ ನುಂಗುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಏರಿತು, ಕ್ಲಿನಿಕ್ಕಿನವರು ಇನ್ಸುಲಿನ್ ಬರೆದುಕೊಟ್ಟರು. ಶಾಂತಾ ಬೆಳಗ್ಗೆ ಎದ್ದು, ಕೂಸಿಗೆ ಹಾಲು ಕೊಡುವ ಮೊದಲು, ನನ್ನ ಹೊಟ್ಟೆಗೆ ಚುಚ್ಚಿ, "ಯವ್ವಾ, ಲಗೂನ ಉಣ್ಣು" ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಉಣ್ಣುವುದು ಹೇಗೆ? ಲಿಂಗಪೂಜೆ ಆಗದೆ ನನ್ನ ಬಾಯಿಗೆ ನೀರೂ ಬೀಳುವುದಿಲ್ಲ. ಕೊರಳಿಗೆ ಲಿಂಗ ಕಟ್ಟಿಕೊಂಡ ಮೇಲೆ ಒಂದು ದಿನವೂ ಪೂಜೆ ತಪ್ಪಿಸಿದವಳಲ್ಲ. ಹೆತ್ತಾಗಲೂ ಇಲ್ಲ, ಗಂಡ ಸತ್ತಾಗಲೂ ಇಲ್ಲ. ಮೈ ತೊಳೆಯದೆ ಪೂಜೆಗೆ ಕೂರುವವಳೂ ಅಲ್ಲ. ಡ್ಯೂಟಿಗೆ ಹೋಗುವ ಗಂಡಸರೆಲ್ಲ ಬಚ್ಚಲು ಬಿಡುವ ತನಕ ಹೊಟ್ಟೆಯಲ್ಲಿ ಮದ್ದು ಇಟ್ಟುಕೊಂಡು ಕಾಯುತ್ತಿದ್ದೆ. ಆ ಮದ್ದು ನನ್ನ ಪೂಜೆಗೆ ಕಾಯುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಆ ದಿನ ರಬಿಯಾಳ ಮೈದುನ ಒಳಗೆ ತಡ ಮಾಡಿದ.

ನಾನು ಬಿದ್ದೆ.

ಕಣ್ಣು ಬಿಟ್ಟಾಗ ಆಸ್ಪತ್ರೆ. ಹಲ್ಲಿನ ಸಂದಿಯಲ್ಲಿ ಬೆಲ್ಲ. ಕೈ ತಾನಾಗಿ ಕೊರಳಿಗೆ ಹೋಯಿತು.

ಕೊರಳು ಬರಿದಾಗಿತ್ತು.

ಚೀರಿದೆ. ನರ್ಸ್ ಓಡಿ ಬಂದಳು. ಮಂಚದ ಪಕ್ಕದಲ್ಲಿ ರಬಿಯಾ ಎರಡೂ ಕೈ ಮುಚ್ಚಿ ಎದೆಗೆ ಹಿಡಿದುಕೊಂಡು ನಿಂತಿದ್ದಳು.

"ನನ್ನ ಲಿಂಗ ಎಲ್ಲೈತಿ?"

"ನನ್ನ ಕೈಯಾಗ ಐತಿ. ಇಸಿಜಿ ಮಾಡೂ ಮುಂದ ತೆಗೀಬೇಕಂದ್ರು. ಕೆಳಗ ಇಡಬ್ಯಾಡ ಅಂತ ಶಾಂತಾ ಹೇಳ್ಯಾಳ. ಅದಕ್ಕ ಹಿಡ್ಕೊಂಡು ನಿಂತೇನಿ."

"ಬಾಯಾಗ ಬೆಲ್ಲ ಯಾರು ಹಾಕಿದ್ರು?"

"ನಾನ."

"ನಂದು ಪೂಜಿ ಆಗಿದ್ದಿಲ್ಲ."

"ಜೀವಾನ ಹೊಂಟಿತ್ತಲ್ಲ ಬೇ ನಿಂದು. ಹಲ್ಲು ಕಚ್ಚಿದ್ದಿ. ಬಾಣಂತಿ ಬೆಲ್ಲದ ಡಬ್ಬಿ ಕೈಗೆ ಸಿಕ್ತು, ಒಸಡಿಗೆ ತಿಕ್ಕಿದೆ. ನಮ್ಮ ಅಬ್ಬಾಗೂ ಶುಗರ್ ಐತಿ. ಬೈಯೂದು ಆಮ್ಯಾಲ ಬೈಯಂತಿ, ಮೊದಲ ಇದನ್ನ ಹಿಡಿ. ಆಗಿಂದ ಮೂಗು ತುರಸಾಕತ್ತೈತಿ."

ತೆಗೆದುಕೊಂಡೆ. ಅವಳ ಕೈಬೆವರಿಗೆ ಲಿಂಗ ಸುತ್ತಿದ ವಸ್ತ್ರ ಒದ್ದೆಯಾಗಿತ್ತು. ಒಳ್ಳೆಯ ಮಾತು ಆಡಲಿಲ್ಲ. ಸಿಟ್ಟಿಗೆ ಮೈ ಉರಿಯುತ್ತಿತ್ತು. ಅವಳ ಮೇಲೆ, ಲಿಂಗ ಬಿಚ್ಚಿದ ನರ್ಸ್ ಮೇಲೆ, ಬಾಗಿಲಲ್ಲಿ ಕೂಸು ಹೊತ್ತು ನಿಂತಿದ್ದ ಮಗಳ ಮೇಲೆ. ಅವಳನ್ನು ಬೆಚ್ಚಗೆ ಮಲಗಿಸಿ ಆರೈಕೆ ಮಾಡಲು ಸಮುದ್ರ ದಾಟಿ ಬಂದವಳು ನಾನು. ಈಗ ಆ ಹಸಿ ಬಾಣಂತಿ, ಕಿವಿಗೆ ಒಂದು ಬಟ್ಟೆಯೂ ಇಲ್ಲದೆ ತಣ್ಣನೆಯ ಗಾಳಿಯಲ್ಲಿ ನಿಂತು ನನ್ನನ್ನು ಕಾಯುತ್ತಿದ್ದಳು.

ಡಾಕ್ಟರ್ ಬಂದ. ಅವನ ಹಿಂದಿಯನ್ನು ರಬಿಯಾ ನನಗೆ ಹೇಳಿದಳು. ಇನ್ಸುಲಿನ್ ಚುಚ್ಚಿಕೊಂಡು ಉಣ್ಣದಿದ್ದರೆ ಮುಂದಿನ ಸಲ ಮುದುಕಿ ಏಳುವುದಿಲ್ಲ. ಇವತ್ತು ಇಲ್ಲೇ ಇರಲಿ. ನಾಳೆ ತಿಂಡಿ ತಿಂದರೆ ಮನೆಗೆ.

"ಪೂಜಿ ಆಗದ ಉಣ್ಣಂಗಿಲ್ಲ ಅಂತ ಹೇಳು."

ಅವಳು ಏನೋ ಉದ್ದಕ್ಕೆ ಹೇಳಿದಳು. ಡಾಕ್ಟರ್ ನಕ್ಕ.

"ಏನಂದಿ?"

"ಈ ಮುದುಕಿ ಭಾಳ ಜಿದ್ದಿ ಅಂದೆ. ಮೊದಲ ಪೂಜಿ ಮಾಡ್ಲಿ, ಆಮ್ಯಾಲ ಸೂಜಿ, ಸೂಜಿ ಹಿಂದನ ಊಟ ಅಂತಾರ. ಆತಿಲ್ಲ?"

ಇಷ್ಟೇ. ಇಷ್ಟು ಸಣ್ಣ ಮಾತು. ಸೂಜಿ ಬರೆದವರು ನೀನು ಯಾವಾಗ ಉಣ್ಣುತ್ತೀ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಷ್ಟಕ್ಕೆ ನಾನು ಪರದೇಶದ ನೆಲದ ಮೇಲೆ ಬಾಯಲ್ಲಿ ಬುರುಗು ತುಂಬಿಕೊಂಡು ಬಿದ್ದೆ.

ಬೆಳಗ್ಗೆ ಇಡ್ಲಿ ಬಂತು. ಎದ್ದರೆ ತಲೆ ತಿರುಗುತ್ತಿತ್ತು, ಬಚ್ಚಲಿಗೆ ನರ್ಸ್ ಬಿಡಲಿಲ್ಲ. ನಾನು ತಟ್ಟೆ ದೂಡಿದೆ. ಶಾಂತಾ ಅಳತೊಡಗಿದಳು.

"ನಿನಗ ಹಟಾನ ದೊಡ್ಡದಾತು. ನಾ ಏನು ಮಾಡ್ಲಿ ಹೇಳು, ಕೂಸಿನ್ನ ನೋಡ್ಲ್ಯೋ, ನಿನ್ನ ಹೆಣಾ ಊರಿಗಿ ಕಳಸ್ಲ್ಯೋ?"

ಅಂಥ ಮಾತು ಅವಳು ಎಂದೂ ಆಡಿದವಳಲ್ಲ. ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಕೈಯಲ್ಲಿ ಸಲೈನ್ ಇತ್ತು.

"ಅಳಬ್ಯಾಡ, ಬಾಣಂತಿ ಕಣ್ಣು ಹೋಗ್ತಾವ. ಬಟ್ಟಿ ತೋಯಿಸಿ ಕೊಡು" ಅಂದೆ.

ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡೆ. ಸೂಜಿ, ಟೇಪು ಅಂಟಿದ್ದ ಎಡಗೈಯನ್ನೇ ಮಗುಚಿ ಅಂಗೈ ಮೇಲೆ ಲಿಂಗ ಇಟ್ಟುಕೊಂಡೆ. ಪತ್ರಿ ಇಲ್ಲ. ಬಾಟಲಿ ನೀರು. ಪಕ್ಕದ ಮಂಚದವಳು ಕೆಮ್ಮುತ್ತಿದ್ದಳು. ಪೂಜೆ ಆಯಿತು. ಮಿಂದು ಮಾಡಿದ ಪೂಜೆಗೂ ಇದಕ್ಕೂ ಲಿಂಗ ಏನೂ ವ್ಯತ್ಯಾಸ ತೋರಿಸಲಿಲ್ಲ. ನರ್ಸ್ ಚುಚ್ಚಿದಳು. ಇಡ್ಲಿ ಉಂಡೆ. ರಬ್ಬರಿನ ಹಾಗಿತ್ತು. ಎರಡನೆಯದನ್ನೂ ಉಂಡೆ.

ಮನೆಗೆ ಬಂದೆ. ಕಾಲಲ್ಲಿ ಇನ್ನೂ ಶಕ್ತಿ ಇಲ್ಲ. ಕೂಸಿಗೆ ಕೂತೇ ಎರೆಯುತ್ತೇನೆ. ಸಿಟ್ಟೂ ಪೂರ್ತಿ ಇಳಿದಿಲ್ಲ. ಪೂಜೆಯ ಕೊನೆಗೆ ಮಗಳು, ಅಳಿಯ, ಕೂಸು ಎಂದು ಹೆಸರು ಹಿಡಿದು ಕಾಪಾಡು ಅನ್ನುವುದು ರೂಢಿ. ಈಗೀಗ ಅದರಲ್ಲಿ ರಬಿಯಾಳ ಹೆಸರೂ ಬರುತ್ತದೆ. ಅವಳಿಗೆ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ.