ಹಂಗಾಮಿ ಮೇಷ್ಟ್ರು ಬರೆದ ಜಾಹೀರಾತು

ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದಲ್ಲಿ ಅವರನ್ನು ಎಲ್ಲರೂ ಹಂಗಾಮಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆರು ತಿಂಗಳಿಗೊಮ್ಮೆ ನವೀಕರಿಸುವ ಕೆಲಸ ಅವರದು. ಹಾಗೆ ನವೀಕರಿಸುತ್ತ ನವೀಕರಿಸುತ್ತಲೇ ಒಂಬತ್ತು ವರ್ಷ ಕಳೆದುಹೋಗಿತ್ತು. ಅವರಿಗೆ ಅದರ ಬಗ್ಗೆ ಬೇಸರವಿದ್ದಂತೆ ಕಾಣುತ್ತಿರಲಿಲ್ಲ. "ಎಲ್ರೂ ಹಂಗಾಮಿನೇ ಕಣ್ರಿ, ನನಗೆ ಮಾತ್ರ ಕಾಗದದಲ್ಲಿ ಬರೆದುಕೊಟ್ಟಿದ್ದಾರೆ" ಎಂದು ನಕ್ಕುಬಿಡುತ್ತಿದ್ದರು.

ಅವರು ಪಾಠ ಮಾಡುತ್ತಿದ್ದುದು ವಲಸೆಯ ರಾಜಕಾರಣ. ಊರು ಬಿಟ್ಟು ಬಂದವರನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ, ಯಾರು ತಡೆಯುತ್ತಾರೆ, ಅವರ ಹೆಸರು ಮತದಾರರ ಪಟ್ಟಿಗೆ ಯಾವಾಗ ಏರುತ್ತದೆ, ಯಾಕೆ ಏರುವುದಿಲ್ಲ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಅವರು ಡಾಕ್ಟರೇಟ್ ಮಾಡಿದ್ದು ಮಾತ್ರ ನಗರಾಡಳಿತದಲ್ಲಿ. ವಲಸೆ ಕಲಿಸುತ್ತಿದ್ದ ಹಿರಿಯ ಪ್ರಾಧ್ಯಾಪಕರು ನಿವೃತ್ತರಾದಾಗ ಆ ಪಾಠ ಇವರ ತಲೆಗೆ ಬಂದಿತ್ತು. ಹುಡುಗರಿಗಿಂತ ಎರಡು ಅಧ್ಯಾಯ ಮುಂದೆ ಓದಿಕೊಂಡು ಹೇಗೋ ಸಂಭಾಳಿಸಿಕೊಂಡು ಬಂದಿದ್ದರು.

ಒಂದು ದಿನ ವಿಭಾಗದ ಮುಖ್ಯಸ್ಥೆ ಅವರನ್ನು ಕರೆಸಿದರು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಕೊನೆಗೂ ಹುದ್ದೆ ಮಂಜೂರಾಯ್ತು. ವಲಸೆ ರಾಜಕಾರಣಕ್ಕೇ ಅಂತ ಒಬ್ಬ ಪ್ರೊಫೆಸರು. ಜಾಹೀರಾತಿನ ಒಕ್ಕಣೆ ನೀವೇ ಬರೆದುಕೊಡಿ. ಈ ವಿಷಯ ನಮ್ಮಲ್ಲಿ ಗೊತ್ತಿರೋದು ನಿಮಗೊಬ್ರಿಗೇ."

"ನಾನೂ ಅರ್ಜಿ ಹಾಕೋನಲ್ವಾ ಮೇಡಂ?"

"ಹಾಕಿ. ಯಾರು ಬೇಡ ಅಂದ್ರು?" ಮುಖ್ಯಸ್ಥೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. "ನಿಮಗೆ ಸರಿ ಅನ್ನಿಸೋ ಹಾಗೆ ಬರೀರಿ. ನಾನು ತಿದ್ದೋಕೆ ಹೋಗಲ್ಲ."

ಆ ಮಾತಿನ ಅರ್ಥ ತಿಳಿಯದಷ್ಟು ಪೆದ್ದರೇನಲ್ಲ ಮೇಷ್ಟ್ರು.

ಮನೆಯ ಮುಂದಿನ ಕೋಣೆಯೇ ಅವರ ಹೆಂಡತಿಯ ಹೊಲಿಗೆ ಅಂಗಡಿ. ಭಾನುವಾರ ಮಧ್ಯಾಹ್ನ ಅಲ್ಲೇ ಒಂದು ಮೂಲೆಯಲ್ಲಿ ಕುಳಿತು ಒಕ್ಕಣೆ ಬರೆದರು. ನಗರಾಡಳಿತದಲ್ಲಿ ಸಂಶೋಧನೆ ಮಾಡಿದವರಿಗೆ ಆದ್ಯತೆ. ಇದೇ ವಿಷಯವನ್ನು ಎಂಟು ವರ್ಷವಾದರೂ ಬೋಧಿಸಿರಬೇಕು. ಸ್ಥಳೀಯ ಅನುಭವ ಅಪೇಕ್ಷಣೀಯ. ಓದಿ ಹೇಳಿದಾಗ ಹೆಂಡತಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ಅಳತೆ ತಗೊಂಡು ಹೊಲಿದ ಹಾಗಿದೆ. ಬೇರೆ ಯಾರ ಮೈಗೂ ಹಿಡಿಯಲ್ಲ. ಹಾಗೇ ಕೊಟ್ಟುಬಿಡಿ ರೀ."

ಹೊಗಳಿಕೆಯೆಂದೇ ಅವಳು ಹೇಳಿದ್ದು. ಆದರೂ ಮೇಷ್ಟ್ರಿಗೆ ಯಾಕೋ ಸಮಾಧಾನವಾಗಲಿಲ್ಲ. ಹಿಂದಿನ ವಾರವಷ್ಟೇ ಒಬ್ಬ ವಿದ್ಯಾರ್ಥಿನಿ ತರಗತಿಯಲ್ಲಿ ಎದ್ದು ನಿಂತು, ನಿರಾಶ್ರಿತರ ಶಿಬಿರದಲ್ಲಿ ಪಡಿತರದ ಸಾಲಿಗೆ ಯಾರು ಸೇರಬಹುದೆಂದು ತೀರ್ಮಾನಿಸುವವರು ಯಾರು ಸರ್ ಎಂದು ಕೇಳಿದ್ದಳು. ಓದಿ ಹೇಳ್ತೀನಮ್ಮಾ ಎಂದಿದ್ದರು. ಎಷ್ಟು ಪುಸ್ತಕ ತಡಕಾಡಿದರೂ ಸಿಕ್ಕಿರಲಿಲ್ಲ. ಅಂಥ ಪ್ರಶ್ನೆಗಳು ಒಂದೆರಡಲ್ಲ.

ಬೆಳಗ್ಗೆ ಎದ್ದವರೇ ಹಳೆಯ ಹಾಳೆಯನ್ನು ಹರಿದುಹಾಕಿ ಬೇರೆ ಬರೆದರು. ಅಭ್ಯರ್ಥಿ ಗಡಿಗಳಲ್ಲಿ, ಶಿಬಿರಗಳಲ್ಲಿ ಇದ್ದು ಕೆಲಸ ಮಾಡಿರಬೇಕು. ಅಲ್ಲಿನ ಜನರ ಭಾಷೆ ಆಡಲು ಬರಬೇಕು. ಸ್ವಂತ ಸಂಶೋಧನೆ ಇರಬೇಕು. ಜಾಹೀರಾತು ಹಾಗೆಯೇ ಪ್ರಕಟವಾದ ಮೇಲೆ ತಮ್ಮ ಅರ್ಜಿಯನ್ನೂ ಹಾಕಿದರು.

ವಿಷಯ ತಿಳಿದು ಹೆಂಡತಿ ಕೆಂಡವಾದಳು. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡ್ರಲ್ಲ! ಯಾರಾದ್ರೂ ಕೇಳಿದ್ರಾ ನಿಮ್ಮನ್ನ?" ಅಲ್ಲಿಂದ ಎರಡು ದಿನ ಮಾತೆಲ್ಲ ಮಗಳ ಮೂಲಕ. ಗಂಡ ಮೊಳದಂತರದಲ್ಲಿ ಕುಳಿತಿದ್ದರೂ, "ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು" ಎನ್ನುತ್ತಿದ್ದಳು. "ಅಮ್ಮ, ಅಪ್ಪಂಗೆ ಕೇಳಿಸ್ತು" ಎಂದು ಮಗಳು ಪುಸ್ತಕದಿಂದ ತಲೆಯೆತ್ತದೆ ಹೇಳುತ್ತಿದ್ದಳು.

ಸಂದರ್ಶನಕ್ಕೆ ನಾಲ್ವರನ್ನು ಕರೆದರು. ಬೋಧನೆಯ ಅನುಭವದ ಬಲದಿಂದ ಮೇಷ್ಟ್ರು ಕೊನೆಯವರಾಗಿ ಪಟ್ಟಿಗೆ ಸೇರಿದ್ದರು. ಸಮಿತಿ, ವಿದ್ಯಾರ್ಥಿಗಳು, ಸಿಬ್ಬಂದಿ ಎಲ್ಲರೆದುರು ಒಬ್ಬೊಬ್ಬರೂ ಒಂದು ಪಾಠ ಮಾಡಿ ತೋರಿಸಬೇಕು. ಮೂರನೆಯವರು ನಲವತ್ತರ ಆಸುಪಾಸಿನ ಹೆಂಗಸು. ಅವರು ವೇದಿಕೆ ಹತ್ತಿದ್ದೇ ತಡ, ಪ್ರೊಜೆಕ್ಟರ್ ಕೈಕೊಟ್ಟಿತು. ಅದರ ತಂತಿಯನ್ನು ಒಂದು ಕಡೆಗೆ ಬಾಗಿಸಿ ಒತ್ತಿಹಿಡಿಯಬೇಕೆಂಬುದು ಇಡೀ ಕಟ್ಟಡದಲ್ಲಿ ಗೊತ್ತಿದ್ದುದು ಮೇಷ್ಟ್ರಿಗೆ ಮಾತ್ರ. ಎದ್ದು ಹೋಗಿ ಸರಿಮಾಡಿದರು.

"ತುಂಬಾ ಉಪಕಾರವಾಯ್ತು. ನೀವು ಇಲ್ಲಿನ ಟೆಕ್ನಿಷಿಯನ್ನಾ?"

"ಅಲ್ಲ ಮೇಡಂ. ನಾಲ್ಕನೇ ಅಭ್ಯರ್ಥಿ."

ಆಕೆ ಕಕ್ಕಾಬಿಕ್ಕಿಯಾದರು. ಮೇಷ್ಟ್ರೇ ಮೊದಲು ನಕ್ಕರು, ಆಮೇಲೆ ಇಬ್ಬರೂ ನಕ್ಕರು.

ಆಕೆ ಹೇಳಿದ್ದು ಒಂದು ಶಿಬಿರದ ಕಥೆ. ಹದಿನೈದು ವರ್ಷದಿಂದ ಅಲ್ಲೇ ಇದ್ದ ಜನ ಪ್ರತಿಯೊಂದು ಅರ್ಜಿಯಲ್ಲೂ ಬಿಟ್ಟುಬಂದ ಮನೆಯ ವಿಳಾಸವನ್ನೇ ಬರೆಯುತ್ತಿದ್ದರಂತೆ. ವಿಳಾಸಕ್ಕೆ ಇದ್ದುದು ಒಂದೇ ಸಾಲು, ಅಲ್ಲಿ ಶಿಬಿರದ ಹೆಸರು ಬರೆದರೆ ಹಿಂದಿರುಗುವ ಆಸೆಯನ್ನೇ ಬಿಟ್ಟುಕೊಟ್ಟಂತೆ ಎಂಬ ಭಯ. ಅಧಿಕಾರಿಗಳು ಅದೇ ನೆಪ ಹಿಡಿದು ಅವರ ಹೆಸರು ಮತದಾರರ ಪಟ್ಟಿಗೆ ಸೇರಿಸಲಿಲ್ಲ. ಪಡಿತರದ ಸಾಲನ್ನು ಯಾರು ನಿರ್ಧರಿಸುತ್ತಾರೆ ಎಂಬುದೂ ಆ ಕಥೆಯೊಳಗೇ ಬಂತು. ಮೇಷ್ಟ್ರು ತಮಗರಿವಿಲ್ಲದೆ ಪೆನ್ನು ತೆಗೆದು ಟಿಪ್ಪಣಿ ಮಾಡಿಕೊಳ್ಳತೊಡಗಿದ್ದರು. ಅರ್ಧ ಪುಟ ಬರೆದ ಮೇಲೆ ತಮ್ಮ ಸರದಿ ಬಾಕಿಯಿರುವುದು ನೆನಪಾಯಿತು.

ಅವರ ಪಾಠವೂ ಕೆಟ್ಟದಾಗೇನೂ ಇರಲಿಲ್ಲ. ಹುಡುಗರು ಜೋರಾಗಿಯೇ ಚಪ್ಪಾಳೆ ತಟ್ಟಿದರು. ಸಮಿತಿಯವರು ಪ್ರಕಟಣೆ ಎಷ್ಟು ಎಂದಾಗ ಮಾತ್ರ, "ಎರಡು ಲೇಖನ. ಎರಡೂ ಅಷ್ಟಕ್ಕಷ್ಟೇ" ಎಂದರು.

ಮರುವಾರ ಸೂಚನಾ ಫಲಕದಲ್ಲಿ ಮೂರನೆಯವರ ಹೆಸರು ಬಂತು. ನಿರೀಕ್ಷಿಸಿದ್ದೇ, ಆದರೂ ಮೇಷ್ಟ್ರು ಅಂದು ಸುತ್ತು ದಾರಿ ಹಿಡಿದು ಮನೆಗೆ ಹೋದರು. ಹೆಂಡತಿ ಮುಖ ನೋಡಿಯೇ ಮಷೀನು ನಿಲ್ಲಿಸಿದಳು.

"ಆಯಮ್ಮ ಪಾಠ ಹೇಗೆ ಮಾಡ್ತಾರೆ?"

"ನನಗಿಂತ ಚೆನ್ನಾಗಿ ಮಾಡ್ತಾರೆ."

"ನಿಮ್ಮ ಬಾಯಲ್ಲೇ ಹಾಗೆ ಬಂದ್ಮೇಲೆ ನಾನಿನ್ನೇನು ಹೇಳ್ಲಿ?" ಎಂದು ಒಳಗೆ ಹೋಗಿ ನೀರು ತಂದುಕೊಟ್ಟಳು. ಒಳಗೆ ಉಳಿದಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಹುದ್ದೆ ಭರ್ತಿಯಾದ ಮೇಲೆ ಹಂಗಾಮಿ ಕೆಲಸ ಮುಗಿದಂತೆಯೇ; ಹೊಸ ಪ್ರಾಧ್ಯಾಪಕಿ ಬಂದ ದಿನ ಮೇಷ್ಟ್ರು ಕೋಣೆ ಖಾಲಿಮಾಡುತ್ತಿದ್ದರು. ಕಬ್ಬಿಣದ ಬೀರುವಿನಿಂದ ತೆಗೆದ ನೋಟ್‌ಬುಕ್ಕುಗಳನ್ನು ನೆಲದ ಮೇಲೆ ಮೊಣಕಾಲೆತ್ತರ ಪೇರಿಸಿದ್ದರು, ರದ್ದಿಗೆ ಹಾಕಲೆಂದು. ಆಕೆ ಒಂದನ್ನು ತೆರೆದು ನೋಡಿದರು. ವರ್ಷವರ್ಷವೂ ಮೇಷ್ಟ್ರು ವಿದ್ಯಾರ್ಥಿಗಳನ್ನು ಬಸ್ ನಿಲ್ದಾಣಕ್ಕೆ, ಕಟ್ಟಡ ಕೆಲಸದ ಜಾಗಗಳಿಗೆ ಕಳಿಸಿ, ಹೊಸದಾಗಿ ಊರಿಗೆ ಬಂದವರಿಗೆ ಅವೇ ಐದು ಪ್ರಶ್ನೆ ಕೇಳಿಸಿ, ಉತ್ತರಗಳನ್ನು ಇವುಗಳಲ್ಲಿ ಬರೆಸುತ್ತಿದ್ದರು. ಆಕೆ ನೆಲದ ಮೇಲೆಯೇ ಕುಳಿತುಬಿಟ್ಟರು. ಊಟದ ಹೊತ್ತು ಮೀರಿದರೂ ಏಳಲಿಲ್ಲ.

"ಸಂದರ್ಶನದಲ್ಲಿ ಇದನ್ನ ಯಾಕೆ ಹೇಳ್ಲಿಲ್ಲ ನೀವು?"

"ಹುಡುಗರು ಬರೆದಿದ್ದು ಮೇಡಂ. ನನ್ನದು ಅಂತ ಹೇಗೆ ಹೇಳ್ಲಿ?"

"ನೀವು ಕಳಿಸದೆ ಅವರು ಹೋಗ್ತಿದ್ರಾ? ಒಂದೇ ಊರಲ್ಲಿ ಒಂಬತ್ತು ವರ್ಷ ಒಂದೇ ಪ್ರಶ್ನೆ ಕೇಳಿದೋರನ್ನ ನಾನೆಲ್ಲೂ ನೋಡಿಲ್ಲ. ಇದು ರದ್ದಿ ಅಲ್ಲ ಮೇಷ್ಟ್ರೇ. ಇಬ್ರೂ ಸೇರಿ ಇದರ ಮೇಲೆ ಸಂಶೋಧನೆ ಮಾಡೋಣ."

ಯೋಜನೆಗೆ ಒಪ್ಪಿಗೆ ಸಿಗಲು ಎಂಟು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮೇಷ್ಟ್ರು ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳಿದರು. ತಮ್ಮ ಹಳೆಯ ವಿದ್ಯಾರ್ಥಿಗಳು ಆಕೆಯ ಹಿಂದೆ ಓಡಾಡುವುದನ್ನು ಕಂಡರೆ ಸ್ವಲ್ಪ ಉರಿಯುತ್ತದೆ ಎಂದು ಹೆಂಡತಿಯ ಹತ್ತಿರ ಒಪ್ಪಿಕೊಂಡರಂತೆ. ಕಡೆಗೆ ಮೂರು ವರ್ಷದ ಸಂಶೋಧಕ ಹುದ್ದೆಯ ಆದೇಶ ಕೈಗೆ ಬಂತು. ಎರಡನೆಯ ವರ್ಷ ಆಕೆಯ ತಂಡದ ಜೊತೆ ಮೊದಲ ಸಲ ಒಂದು ಗಡಿ ಶಿಬಿರಕ್ಕೆ ಹೋದರು.

ಅಲ್ಲಿ ಒಬ್ಬ ಅಜ್ಜಿ ಇವರನ್ನೇ ಪ್ರಶ್ನೆ ಕೇಳತೊಡಗಿದಳು. ನಿನಗೆ ಮಕ್ಕಳೆಷ್ಟು, ಹೆಂಡತಿ ಏನು ಮಾಡುತ್ತಾಳೆ, ಇಷ್ಟು ದೂರ ಯಾಕೆ ಬಂದೆ? ಭಾಷೆ ಬಲ್ಲ ತಂಡದವಳೊಬ್ಬಳು ನಡುವೆ ಕುಳಿತು ತಿಳಿಸಿ ಹೇಳುತ್ತಿದ್ದಳು. ಮೇಷ್ಟ್ರು ಮಡಿಲಲ್ಲಿದ್ದ ನಮೂನೆಯನ್ನು ಮರೆತೇಬಿಟ್ಟರು. ಸಂಜೆ ಪ್ರಾಧ್ಯಾಪಕಿ ಹಾಳೆ ತಿರುವಿ ನೋಡಿದರು.

"ಏನ್ ಮೇಷ್ಟ್ರೇ, ಇಡೀ ಮಧ್ಯಾಹ್ನ ಕೂತು ಒಂದು ಕಾಲಂ ಕೂಡ ತುಂಬಿಲ್ವಲ್ಲ!"

"ನಾಳೆ ತುಂಬ್ತೀನಿ ಮೇಡಂ," ಎಂದರು ಮೇಷ್ಟ್ರು. "ನಾಳೆನೂ ಬಾ ಅಂದಿದ್ದಾರೆ ಅಜ್ಜಿ."