ಸಲೂನಿನ ತೊಟ್ಟಿಗೆ ಬಂದ ಪಾಚಿ

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿದ್ದವನನ್ನು ಎಲ್ಲರೂ ಮೌನಿ ಅಂತಲೇ ಕರೆಯುತ್ತಿದ್ದರು. ಕತ್ತರಿ ಆಡಿಸುವವನ ಬಾಯಿಯೂ ಆಡುತ್ತಿರಬೇಕು ಅನ್ನುವುದು ಗಿರಾಕಿಗಳ ಲೆಕ್ಕ. ಇವನು ‘ತಲೆ ಬಗ್ಗಿಸಿ’, ‘ಸಾಕಾ’ ಅನ್ನುವುದರಲ್ಲೇ ದಿನ ದೂಡುತ್ತಿದ್ದ. ನಿಂತು ನಿಂತು ಕಾಲಿನ ನರಗಳು ಹುರಿಗಟ್ಟಿದ್ದವು. ಸಂಜೆಯ ಹೊತ್ತಿಗೆ ಹರಟೆ ಹೊಡೆಯುವ ತ್ರಾಣ ಎಲ್ಲಿಂದ ಬರಬೇಕು?

ಅವನು ತನಗೇ ಅಂತ ಮಾಡಿಕೊಂಡಿದ್ದು ಒಂದೇ ಒಂದು, ಕಾಯುವವರ ಬೆಂಚಿನ ಪಕ್ಕದ ಮೀನಿನ ತೊಟ್ಟಿ. ಅದರಲ್ಲಿದ್ದದ್ದು ಪ್ಲಾಸ್ಟಿಕ್ ಗಿಡಗಳಲ್ಲ, ನೀರಿನೊಳಗೇ ಬೆಳೆಯುವ ನಿಜವಾದ ಗಿಡಗಳು. ಮುಂದೆ ಕಲ್ಲಿಗೆ ಬೇರು ಕಚ್ಚಿಕೊಂಡ ದಪ್ಪ ಎಲೆಯವು, ಹಿಂದೆ ಲಾಡಿಯ ಹಾಗೆ ತೇಲಾಡುವ ಉದ್ದ ಎಲೆಯವು. ಗಿರಾಕಿ ಇಲ್ಲದಾಗ ಅದರ ಮುಂದೆ ನಿಂತರೆ ಕಾಲುನೋವು ಮರೆತುಹೋಗುತ್ತಿತ್ತು.

ಅದಕ್ಕೂ ಪಾಚಿ ಬಂತು. ಮೊದಲು ಗಾಜಿಗೆ ಹಸಿರು ಪುಡಿ ಬಳಿದ ಹಾಗೆ, ಆಮೇಲೆ ಎಲೆಗಳ ಅಂಚಿನಲ್ಲಿ ಎಳೆ ಎಳೆಯಾಗಿ. ಪಕ್ಕದ ಅಂಗಡಿಯ ದರ್ಜಿಗೆ ತಲೆಯಲ್ಲಿ ಒಂದು ಕೂದಲೂ ಇಲ್ಲ. ಅವನು ಬಗ್ಗಿ ನೋಡಿ, “ನನ್ನ ತಲೇಲಿ ಉದುರಿದ್ದೆಲ್ಲ ಇಲ್ಲಿ ಹುಟ್ತಾ ಇದೆಯಲ್ಲಯ್ಯ! ಒಂದಿಷ್ಟು ಕಿತ್ತು ವಾಪಸ್ ನಾಟಿ ಮಾಡು” ಅಂದ. ಮೌನಿ ನಗಲಿಲ್ಲ.

ಮೀನಿನಂಗಡಿಯವನು ಹೇಳಿದ್ದನ್ನೆಲ್ಲ ಮಾಡಿದ. ಲೈಟು ಉರಿಸುವ ಹೊತ್ತು ಕಡಿಮೆ ಮಾಡಿದ, ಮೀನಿನ ತಿಂಡಿ ಚಿಟಿಕೆಗೆ ಇಳಿಸಿದ, ವಾರವಾರ ನೀರು ಬದಲಾಯಿಸಿದ, ಹಳೇ ಟೂತ್‌ಬ್ರಷ್‌ಗೆ ಎಳೆಗಳನ್ನು ಸುತ್ತಿ ಸುತ್ತಿ ತೆಗೆದ. ನಾಲ್ಕು ದಿನ ತಿಳಿಯಾಗಿರುತ್ತಿತ್ತು, ಮತ್ತೆ ಅದೇ ಗೋಳು. ಇಡೀ ದಿನ ಊರವರ ಕೂದಲು ಕತ್ತರಿಸಿ, ಶಟರ್ ಎಳೆಯುವ ಮುಂಚೆ ತೊಟ್ಟಿಯದನ್ನೂ ಕೀಳಬೇಕು. ಅವನಿಗೆ ರೋಸಿಹೋಯಿತು.

ಅಂಗಡಿಯಲ್ಲಿ ಅವನಿಗಿದ್ದ ಇನ್ನೊಂದು ಸಂಕಟ ಅಪ್ಪ. ಅಂಗಡಿ ಹಾಕಿದ್ದೇ ಅಪ್ಪ. ಈಗ ಕೈ ನಡುಗುತ್ತಿತ್ತು. ಆದರೂ ದಿನಾ ಮಧ್ಯಾಹ್ನ ಊಟ ಮುಗಿಸಿ ಬಂದು, ಕೊನೆಯ ಕುರ್ಚಿಯ ದೂಳು ಒರೆಸಿ, ಬಾಚಣಿಗೆ ಜೋಡಿಸಿ, ಅದರ ಹಿಂದೆ ನಿಂತುಬಿಡುತ್ತಿದ್ದರು. “ಬನ್ನಿ, ಇಲ್ಲಿ ಖಾಲಿ ಇದೆ” ಅಂತ ಕರೆದರೆ ಬೆಂಚಿನ ಮೇಲಿದ್ದವರು, “ಪರವಾಗಿಲ್ಲ ತಾತ, ಅರ್ಜೆಂಟಿಲ್ಲ” ಅಂತ ಪೇಪರಿನೊಳಗೆ ಮುಖ ಹುದುಗಿಸುತ್ತಿದ್ದರು. ಮೌನಿಗೆ ಜೀವ ಹಿಡಿಯಷ್ಟಾಗುತ್ತಿತ್ತು. ಮನೆಯಲ್ಲಿ ಹೆಂಡತಿ, “ಮಾವನಿಗೆ ಇನ್ನು ಸಾಕು ಅನ್ನಬಾರದಾ?” ಅಂದರೆ, “ನೀನೇ ಹೇಳು” ಅನ್ನುತ್ತಿದ್ದ.

ಒಂದು ರಜೆಯ ದಿನ ಮಧ್ಯಾಹ್ನ ನೀರು ಬದಲಾಯಿಸಲು ಒಬ್ಬನೇ ಬಂದ. ಲೈಟು ಹಾಕಿರಲಿಲ್ಲ. ಆದರೂ ತೊಟ್ಟಿಯೊಳಗೆ ಬೆಳಕಿನ ಒಂದು ದಪ್ಪ ಪಟ್ಟೆ! ಎಲ್ಲಿಂದ ಅಂತ ತಿರುಗಿ ನೋಡಿದ. ರಸ್ತೆಯ ಆಚೆ ಇದ್ದ ಗೋದಾಮನ್ನು ಕೆಡವಿದ ಮೇಲೆ ಇಳಿಬಿಸಿಲು ನೇರ ಅಂಗಡಿಗೇ ನುಗ್ಗುತ್ತಿತ್ತು. ಅದು ಅಪ್ಪನ ಕುರ್ಚಿಯ ಮುಂದಿನ ಕನ್ನಡಿಗೆ ಬಡಿದು ಎದುರು ಗೋಡೆಯ ತೊಟ್ಟಿಗೆ ಬೀಳುತ್ತಿತ್ತು. ಕೆಲಸದ ಗಡಿಬಿಡಿಯಲ್ಲಿ, ಟ್ಯೂಬ್‌ಲೈಟುಗಳ ನಡುವೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ನೀರು ತುಂಬಿದ ತೊಟ್ಟಿಯನ್ನು ಕದಲಿಸುವ ಹಾಗಿಲ್ಲ, ಇಡಲು ಬೇರೆ ಜಾಗವೂ ಇಲ್ಲ. ಬಾಗಿಲಿಗೆ ಪರದೆ ಇಳಿಬಿಟ್ಟರೆ ಅಂಗಡಿ ಮುಚ್ಚಿದೆ ಅಂತ ಗಿರಾಕಿ ಮುಂದೆ ಹೋಗುತ್ತಾನೆ. ತೊಟ್ಟಿಗೇ ಬಟ್ಟೆ ಮುಚ್ಚಿದರೆ ಅದನ್ನು ಇಟ್ಟುಕೊಂಡು ಏನು ಬಂತು? ಉಳಿದದ್ದು ಕನ್ನಡಿಗೆ ಬಟ್ಟೆ ಹಾಕುವುದೊಂದೇ. ಬಿಸಿಲು ಬರುವ ಹೊತ್ತೂ ಅಪ್ಪ ಬರುವ ಹೊತ್ತೂ ಒಂದೇ, ಕನ್ನಡಿ ಮುಚ್ಚಿದರೆ ಅಪ್ಪನ ಕುರ್ಚಿಯನ್ನೂ ಮುಚ್ಚಿದ ಹಾಗೆ. ಅವನು ನೀರು ಬದಲಾಯಿಸಿ, ಕನ್ನಡಿಯನ್ನು ಹಾಗೇ ಬಿಟ್ಟು ಮನೆಗೆ ಹೋದ.

ಮರುದಿನ ಒಬ್ಬ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಇದ್ದಕ್ಕಿದ್ದ ಹಾಗೆ ಬ್ರಷ್ ಕೆಳಗಿಟ್ಟ. ಟವೆಲ್ ಹಿಡಿದು ಅಪ್ಪನ ಹತ್ತಿರ ಹೋದ.

“ಅಪ್ಪಾ, ಈ ಕನ್ನಡಿಗೆ ಬಟ್ಟೆ ಹಾಕಬೇಕು. ಬಿಸಿಲು ತೊಟ್ಟಿಗೆ ಬೀಳ್ತಾ ಇದೆ. ಪಾಚಿ ಅದಕ್ಕೇ.”

“ಎಷ್ಟೊತ್ತು ಹಾಕ್ತೀಯ?”

“ಮಧ್ಯಾಹ್ನ ಪೂರ್ತಿ. ದಿನಾ.”

ಅಪ್ಪ ಕನ್ನಡಿ ನೋಡಿದರು, ತೊಟ್ಟಿ ನೋಡಿದರು. ಆಮೇಲೆ ಆ ಕುರ್ಚಿಯಲ್ಲಿ ತಾವೇ ಕೂತುಬಿಟ್ಟರು.

“ಹಾಕೋ ಮಾರಾಯ. ಇಷ್ಟು ಹೇಳೋಕೆ ನಿನಗೆ ಪಾಚಿನೇ ಬೇಕಾಯ್ತಾ?”

“ಹಾಗಲ್ಲಪ್ಪಾ, ನೀವು ಬೇಜಾರು ಮಾಡ್ಕೋತೀರಿ ಅಂತ...”

“ನನ್ನ ಮಂಡಿ ಯಾವತ್ತೋ ಕೈಕೊಟ್ಟಿದೆ. ನಾನು ಬರದಿದ್ರೆ, ಮಗ ಅಪ್ಪನ್ನ ಮೂಲೆಗೆ ಹಾಕಿದ ಅಂತ ಜನ ನಿನ್ನ ಆಡ್ಕೋತಾರಲ್ಲ ಅಂತ ಬರ್ತಿದ್ದೆ. ಊಟ ಆದಮೇಲೆ ಒಂದು ನಿದ್ದೆ ತೆಗೆದ್ರೆ ಸಾಕಪ್ಪ ಅನ್ಸುತ್ತೆ ಕಣೋ.”

ಮೌನಿ ಟವೆಲನ್ನು ಕನ್ನಡಿಯ ಮೇಲೆ ಇಳಿಬಿಟ್ಟ. “ಅಣ್ಣಾ, ನೊರೆ ಒಣಗ್ತಾ ಇದೆ” ಅಂದ ಗಿರಾಕಿ.

ಪಾಚಿ ಒಂದೇ ಸಲಕ್ಕೇನೂ ಹೋಗಲಿಲ್ಲ. ಹಾಳಾದ ಎಲೆಗಳನ್ನು ಬುಡದಲ್ಲೇ ಕತ್ತರಿಸಿ ತೆಗೆದ, ಕೀಳುವುದನ್ನೂ ನೀರು ಬದಲಾಯಿಸುವುದನ್ನೂ ಬಿಡಲಿಲ್ಲ. ನಿಧಾನಕ್ಕೆ ಎಳೆಗಳು ಬಿಳಿಚಿಕೊಂಡು, ಕೊನೆಗೆ ಹುಟ್ಟುವುದೇ ನಿಂತಿತು. ಲಾಡಿ ಎಲೆಯವು ಅಷ್ಟರಲ್ಲಿ ಅರ್ಧ ಸತ್ತಿದ್ದವು. ಆ ಜಾಗದಲ್ಲಿ ಬೇರೆ ನೆಡೋಣ ಅಂದುಕೊಂಡ, ಆಮೇಲೆ ಹಾಗೇ ಬಿಟ್ಟ. ದೊಡ್ಡ ಭಾರ ಇಳಿದ ಹಾಗಾಗುತ್ತದೆ ಅಂದುಕೊಂಡಿದ್ದ. ಕಾಲು ಮಾತ್ರ ಅಷ್ಟೇ ನೋಯುತ್ತಿತ್ತು. ಮಧ್ಯಾಹ್ನಗಳಲ್ಲಿ ಯಾರ ಚಪ್ಪಲಿ ಸದ್ದಾದರೂ ಅವನು ಬಾಗಿಲ ಕಡೆ ನೋಡುತ್ತಿದ್ದ. ಆ ಹೊತ್ತಿಗೆ ಮನೆಯಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದರು. “ಗೋಡೆ ಬಿರುಕು ಬಿಡುತ್ತೆ ನೋಡಿ” ಅನ್ನುತ್ತಿದ್ದಳು ಹೆಂಡತಿ.

ಒಂದು ಸಂಜೆ ಅಪ್ಪ ಸುಮ್ಮನೆ ಅಡ್ಡಾಡುತ್ತ ಬಂದು ಬೆಂಚಿನ ಮೇಲೆ ಕೂತರು. ತೊಟ್ಟಿಯನ್ನು ನೋಡಿದರು, ಆಮೇಲೆ ಮಗನನ್ನು.

“ತೊಟ್ಟಿ ಚೆನ್ನಾಗಾಯ್ತು. ನೀನೇ ಸೊರಗಿದ್ದೀಯ. ಮಧ್ಯಾಹ್ನ ಒಂದು ಗಳಿಗೆ ಶಟರ್ ಎಳೆದು ಮಲಕ್ಕೋ.”

“ಗಿರಾಕಿಗಳು?”

“ಅವರ ಕೂದಲು ಎಲ್ಲಿಗೂ ಓಡಿಹೋಗಲ್ಲ.”

“ನೋಡೋಣ ಅಪ್ಪಾ” ಅಂದ ಮೌನಿ, ಮುಂದಿನವರನ್ನು ಕುರ್ಚಿಗೆ ಕರೆಯುತ್ತ. ಮಧ್ಯಾಹ್ನದ ಹೊತ್ತು ಶಟರನ್ನು ಅವನು ಇನ್ನೂ ಎಳೆದಿಲ್ಲ.